ಆರಾಮ ಅದೀನ್ರಿ ಅಂದದ್ದಕ್ಕೆ

ಇಟಗಿ ಭೀಮವ್ವನನ್ನು ನಂಬಿದ ಅಕ್ಕತಂಗಿಯರೇ, ಅವ್ವ ನನ್ನ ಮೊರೆ ಕೇಳಿದಳು. ಕೇಳಿದ ರೀತಿ ಮಾತ್ರ ನನಗೆ ಇಂದಿಗೂ ಕಹಿ. ಎರಡನ್ನೂ ಹೇಳುತ್ತೇನೆ, ಒಂದನ್ನೇ ಹೇಳಿದರೆ ಸುಳ್ಳಾಗುತ್ತದೆ.

ನಮ್ಮದು ಗಜೇಂದ್ರಗಡ. ನನ್ನ ಯಜಮಾನರು ಯುದ್ಧದಲ್ಲಿ ಸಿಪಾಯಿಯಾಗಿದ್ದವರು. ಬೆನ್ನಿಗೆ ಪೆಟ್ಟು ಬಿದ್ದು, ಸೊಂಟದ ಕೆಳಗೆ ಸ್ವಾಧೀನವಿಲ್ಲದೆ ಮನೆಗೆ ಬಂದರು. ಅಂದಿನಿಂದ ತೊಳೆಯುವುದು, ಉಣಿಸುವುದು, ಮಗ್ಗುಲು ಹೊರಳಿಸುವುದು ಎಲ್ಲ ನನ್ನದೇ. ನೇಕಾರರ ಮನೆಗೆ ನೂಲಿನ ಕಂಡಿಕೆ ಸುತ್ತಲು ಹೋಗುತ್ತಿದ್ದೆ, ಅದೂ ನಿಂತಿತು. ಅವರ ಪಿಂಚಣಿ ಜೋಳಕ್ಕೇ ಸಾಲದು. ಮುಂಬೈ ಸರಕಾರ ಹೋಗಿ ಮೈಸೂರು ಸರಕಾರ ಬಂದ ಮರುವರ್ಷ, ಇಂಥವರ ಆರೈಕೆಗೆ ಬೇರೆ ಭತ್ಯೆ ಉಂಟು, ರೋಣದ ಡಾಕ್ಟರು ನೋಡಿ ಬರೆದುಕೊಡಬೇಕು ಎಂದು ಯಾರೋ ಹೇಳಿದರು.

ಸಾಹೇಬರ ಮುಂದೆ ಹೇಗೆಂದರೆ ಹಾಗೆ ಹೋಗುವುದುಂಟೇ? ಗಡ್ಡ ಹೆರೆಸಿ, ಶುಭ್ರ ಅಂಗಿ ತೊಡಿಸಿ, ರುಮಾಲು ಸುತ್ತಿ, ನಾಲ್ಕು ಜನರ ಕಾಲು ಹಿಡಿದು ಬಸ್ಸಿಗೆ ಹತ್ತಿಸಿಕೊಂಡು ಹೋದೆ. ಹೇಗಿದ್ದೀಯಪ್ಪ ಎಂದು ಡಾಕ್ಟರು ಕೇಳಿದ್ದೇ ತಡ, ನಮ್ಮವರು ಎದೆ ಸೆಟೆಸಿ, "ನಿಮ್ಮ ದಯಾದಿಂದ ಆರಾಮ ಅದೀನ್ರಿ" ಅಂದುಬಿಟ್ಟರು. ಯಾರು ಕೇಳಿದರೂ ನಮ್ಮ ಕಡೆ ಇದೇ ಉತ್ತರ. ಸಾಯುವವರೂ ಹೀಗೇ ಅನ್ನುತ್ತಾರೆ. ಗಂಡ ಮಾತಾಡುವಾಗ ನಾನು ಬಾಯಿ ಹಾಕಲಿಲ್ಲ. ಮೈಮೇಲೆ ಒಂದು ಹುಣ್ಣಿಲ್ಲ, ಆರೈಕೆಗೆ ಆಳು ಬೇಕಿಲ್ಲ ಎಂದು ಡಾಕ್ಟರು ಬರೆದರು. ಹುಣ್ಣಾಗದಂತೆ ನೋಡಿಕೊಂಡವಳು ಅಲ್ಲೇ ಬಾಗಿಲ ಬಳಿ ನಿಂತಿದ್ದಳು, ಅವಳ ಕಡೆ ಕಣ್ಣೆತ್ತಿಯೂ ನೋಡಲಿಲ್ಲ.

ಭತ್ಯೆ ಇಲ್ಲವೆಂದಾಯಿತು. ಅಮಾವಾಸ್ಯೆಗೆ ಅವರನ್ನು ಮೈದುನನ ಕೈಗೆ ಒಪ್ಪಿಸಿ, ಮಾಡಬೇಕಾದ್ದನ್ನೆಲ್ಲ ಹೇಳಿ, ಇಟಗಿಗೆ ಹೋದೆ. ಗದ್ದುಗೆಯ ಮುಂದೆ ಬೇಡಿಕೊಳ್ಳಲಿಲ್ಲ, ಜಗಳವನ್ನೇ ಆಡಿದೆ. "ಯವ್ವಾ, ನೀನೂ ಹೆಣ್ಣಮಗಳು. ನನ್ನ ದುಡಿಮಿ ನಿನಗರ ಕಾಣ್ತೈತೋ ಇಲ್ಲೋ?"

ಸಂಜೆ ಮನೆಗೆ ಬಂದರೆ ಕಟ್ಟೆಯ ಮೇಲೆ ಅದೇ ಡಾಕ್ಟರು. ಮಕ್ಕಳಿಗೆ ಸಿಡುಬಿನ ಲಸಿಕೆ ಹಾಕಲು ಓಣಿಗೆ ಬಂದವರು, ನರಳುವುದು ಕೇಳಿ ಒಳಗೆ ಹೋಗಿದ್ದರಂತೆ. ಮೈದುನ ಮಹಾರಾಯ ಒಂದು ತಂಬಿಗೆ ನೀರಿಟ್ಟು, ಬಾಗಿಲು ಎಳೆದುಕೊಂಡು ಮಗ್ಗಕ್ಕೆ ಹೋಗಿದ್ದ. ನಮ್ಮವರು ಬೆಳಗಿನಿಂದ ಹೊಲಸಿನಲ್ಲೇ ಬಿದ್ದಿದ್ದರು. ಬೆನ್ನಿನ ತೊಗಲು ಕಿತ್ತುಬಂದಿತ್ತು.

ಡಾಕ್ಟರು ಕೇಳಿದರು, "ತಂಗಿ, ದಿನಾ ಇದನ್ನೆಲ್ಲಾ ನೀ ಒಬ್ಬಾಕಿನ ಮಾಡ್ತೀಯೇನು? ಅವತ್ತ ಯಾಕ ಹೇಳಲಿಲ್ಲ?"

"ನೀವು ಅವರನ್ನ ಕೇಳಿದ್ರಿ. ನನ್ನ ಎಲ್ಲಿ ಕೇಳಿದ್ರಿ, ಸಾಹೇಬ್ರ?" ಅಂದೆ.

ಭತ್ಯೆ ಮಂಜೂರಾಯಿತು. ನಾನಿದ್ದಾಗ ಕಾಣದ ದುಡಿಮೆ, ನಾನಿಲ್ಲದ ದಿನ ಕಂಡಿತು. ಇದು ಅವ್ವನ ಕೃಪೆಯೇ, ಅನುಮಾನವಿಲ್ಲ. ಆದರೆ ಅಂದಿನ ಆ ಹುಣ್ಣು ಮಾಯಲು ಮಳೆಗಾಲ ಕಳೆಯಿತು. ಬೇರೆ ದಾರಿ ಇರಲಿಲ್ಲವೇನವ್ವಾ ಎಂದು ಅದನ್ನು ತೊಳೆಯುವಾಗಲೆಲ್ಲ ಕೇಳಿದ್ದೇನೆ, ಅತ್ತಿದ್ದೇನೆ.

ಈಗಲೂ ವರ್ಷಕ್ಕೊಮ್ಮೆ ರೋಣಕ್ಕೆ ಹೋಗಿ ತೋರಿಸಿ ಬರಬೇಕು. ರುಮಾಲು ಸುತ್ತಿಯೇ ಕರೆದೊಯ್ಯುತ್ತೇನೆ. ನಮ್ಮವರು ಆರಾಮ ಅದೀನ್ರಿ ಅನ್ನುವುದನ್ನು ಬಿಟ್ಟಿಲ್ಲ. ಆಗ ನಾನು ಭೀಮವ್ವನನ್ನು ನೆನೆದು, ಬಾಗಿಲಿನಿಂದ ಮೇಜಿನ ತನಕ ಬಂದು ಹೇಳುತ್ತೇನೆ: "ಇಲ್ರಿ, ಆರಾಮಿಲ್ಲ. ನನ್ನ ಕೇಳ್ರಿ."