ಬೋಕ್ಯಾನ ಬಾಯಲ್ಲಿ ಅಜ್ಜಿಯ ಹಿಮ್ಮಡಿ

ಬೆಕ್ಕಿನ ಆಟಿಕೆ ಅಂಗಡಿಯಲ್ಲಿ ಸಿಗುತ್ತದೆ ಎಂದು ಯಾರಾದರೂ ಹೇಳಿದ್ದರೆ ಚಾಳಿಗೆ ಚಾಳೇ, ಇಡೀ ವಠಾರವೇ, ಬಿದ್ದು ನಗುತ್ತಿದ್ದ ಕಾಲ ಅದು. ಬೆಕ್ಕಿಗೆ ಆಟಿಕೆ ಎಂದರೆ ಮನುಷ್ಯರ ಕೈಕಾಲು, ಅಷ್ಟೇ. ನಿಮ್ಮ ಮನೆಯಲ್ಲೂ ಹಾಗೇ ಇತ್ತು, ಸುಮ್ಮನೆ ಇಲ್ಲ ಅನ್ನಬೇಡಿ.

ನಾವಿದ್ದದ್ದು ಚಿಂಚವಾಡದ ಒಂದು ಚಾಳಿನ ಮೇಲ್ಮಾಳಿಗೆಯಲ್ಲಿ. ಎರಡು ಕೋಣೆ, ಪತ್ರಾಸಿನ ತಗಡು ಸೂರು, ಒಂದು ಬಾಗಿಲು, ಬೀದಿಗೆ ಒಂದು ಕಿಟಕಿ. ಅಪ್ಪ ಕಾರ್ಖಾನೆಯೊಂದರ ಸ್ಟೋರಿನಲ್ಲಿ ಗುಮಾಸ್ತ. ನಮ್ಮೂರು ಜಮಖಂಡಿ ಕಡೆಯದು. ಅಪ್ಪ ಸಂಜೆ ಬಂದು ಚಹಾ ಕುಡಿದವನೇ, ಅಜ್ಜಿ ಹಳೆ ಸೀರೆಗಳಿಂದ ಹೊಲಿದುಕೊಟ್ಟಿದ್ದ ಕೌದಿಯೊಳಗೆ ಕಾಲು ಚಾಚಿ ಹೆಬ್ಬೆರಳು ಅಲ್ಲಾಡಿಸುತ್ತಿದ್ದ. ನಾವು ಸಾಕಿದ ಬೆಕ್ಕಿನ ಮರಿ ಕುಂಡಿ ಕುಣಿಸಿ, ಹಾರಿ ಬಂದು ಕೌದಿ ಸಮೇತ ಬೆರಳನ್ನು ಕಚ್ಚುತ್ತಿತ್ತು. ನಾವೆಲ್ಲ ಚಪ್ಪಾಳೆ ತಟ್ಟುತ್ತಿದ್ದೆವು. ಮನೆಯಲ್ಲಿ ಟೀವಿ ಇರಲಿಲ್ಲ, ಇದೇ ನಮ್ಮ ಟೀವಿ.

ಮರಾಠಿಯವರು ಗಂಡು ಬೆಕ್ಕಿಗೆ ಬೋಕಾ ಅನ್ನುತ್ತಾರೆ. ನಮ್ಮ ಬಾಯಲ್ಲಿ ಅದು ಬೋಕ್ಯಾ ಆಯಿತು. ಬೋಕ್ಯಾ ಬೆಳೆದ, ಹಲ್ಲೂ ಬೆಳೆದವು. ಕೌದಿ ಇರುವ ಕಾಲು ಯಾವುದು, ಇಲ್ಲದ ಕಾಲು ಯಾವುದು ಎಂದು ಅವನಿಗೆ ಯಾರೂ ಹೇಳಿಕೊಟ್ಟಿರಲಿಲ್ಲ. ನಡೆಯುವ ಹಿಮ್ಮಡಿ ಕಂಡರೆ ಸಾಕು, ಬಾಗಿಲ ಹಿಂದಿನಿಂದ ಹಾರುತ್ತಿದ್ದ. ಹಾಲಿನವನನ್ನು ಕಚ್ಚಿದ, ನನ್ನ ಗೆಳತಿಯರನ್ನು ಕಚ್ಚಿದ. ಕೊನೆಗೆ ಆ ವರ್ಷ ಬೇಸಿಗೆ ರಜೆ ಶುರುವಾಗುವ ಹೊತ್ತಿಗೆ ಕೆಳಗಿನ ಮನೆಯ ಕಾಕೂನನ್ನು ಕಚ್ಚಿದ.

ನಾವೆಲ್ಲ ಕಾಕು, ಅಂದರೆ ಚಿಕ್ಕಮ್ಮ, ಎಂದು ಕರೆಯುತ್ತಿದ್ದ ಅವರು ಚಾಳಿನ ಮಾಲಕಿ. ಹಪ್ಪಳ ಒಣಗಿಸಲು ಮೇಲೆ ಬಂದಿದ್ದರು. ರಕ್ತ ಬಂತು, ಹಪ್ಪಳದ ಮೊರ ಮೆಟ್ಟಿಲ ಮೇಲೆ ಚೆಲ್ಲಿತು. ಕಾಕು ಸೂಜಿ ಹಾಕಿಸಿಕೊಂಡು ಕುಂಟುತ್ತಾ ಮನೆಗೆ ಬಂದು ಅಪ್ಪನನ್ನು ಕರೆಸಿದರು. ಅವರ ಮಗ ಬಾಳೂ ಟೆಂಪೊ ಓಡಿಸುತ್ತಿದ್ದ, ದೂರದ ಇಂದಾಪುರಕ್ಕೆ ಹೋಗಿಬರುವುದು ಅವನ ಕೆಲಸ. ಬೆಕ್ಕನ್ನು ಚೀಲದಲ್ಲಿ ಕಟ್ಟಿ ಇಂದಾಪುರದ ಆಚೆ ಕಬ್ಬಿನ ಗದ್ದೆಯಲ್ಲಿ ಬಿಟ್ಟುಬರುತ್ತೇನೆ ಅಂದ. ಅಪ್ಪ ಕೈಮುಗಿದು, ಕಚ್ಚುವುದನ್ನು ಬಿಡಿಸಲು ರಜೆ ಮುಗಿಯುವವರೆಗೆ ಸಮಯ ಕೇಳಿದ. ಅಲ್ಲಿಯವರೆಗೆ ಬೆಕ್ಕು ಹೊಸ್ತಿಲು ದಾಟುವುದಿಲ್ಲ ಎಂದು ಮಾತು ಕೊಟ್ಟ.

"ಬೋಕಾ ಬಾಹೇರ್ ದಿಸ್ಲಾ, ಕೀ ಪೋತ್ಯಾತ್," ಅಂದರು ಕಾಕು. ಹೊರಗೆ ಕಂಡರೆ ಚೀಲಕ್ಕೆ.

ಮಾತು ಕೊಟ್ಟವನು ಅಪ್ಪ, ಕಾಯುವವಳು ನಾನು. ಅಪ್ಪ ಬೆಳಿಗ್ಗೆ ಕಾರ್ಖಾನೆಗೆ ಹೋಗುತ್ತಿದ್ದ. ಅವ್ವ ಅಡುಗೆ ಮುಗಿಸಿ ಎರಡು ಓಣಿ ಆಚೆ ಹೊಲಿಗೆ ಕೆಲಸಕ್ಕೆ ಹೋಗುತ್ತಿದ್ದಳು. ಮನೆಯಲ್ಲಿ ಉಳಿಯುವವರು ನಾನು, ಬೋಕ್ಯಾ, ಮತ್ತು ಅಪ್ಪನ ಅವ್ವ, ಅಂದರೆ ನಮ್ಮ ಅಜ್ಜಿ. ಅಜ್ಜಿ ನಮ್ಮನ್ನು ನೋಡಿಹೋಗಲು ಊರಿಂದ ಬಂದವಳು ನಲ್ಲಿಕಟ್ಟೆಯ ಪಾಚಿಯಲ್ಲಿ ಜಾರಿ ಬಿದ್ದು ಕಾಲು ಮುರಿದುಕೊಂಡಿದ್ದಳು. ಮೊಣಕಾಲವರೆಗೆ ಪ್ಲಾಸ್ಟರ್. ಹೊರಕೋಣೆಯ ಮಂಚವೇ ಅವಳ ಊರು, ಹೊಲ, ಸಂತೆ ಎಲ್ಲ.

ಬಾಗಿಲಿಗೆ ಚಿಲಕ. ಮೇಲೆ ಕಾದ ಪತ್ರಾಸು. ಮೇ ತಿಂಗಳು. ಆ ಕೋಣೆಯ ವಾಸನೆ ಈಗಲೂ ನನ್ನ ಮೂಗಿನಲ್ಲಿದೆ: ಅಜ್ಜಿಯ ನೋವಿನ ಎಣ್ಣೆ, ಪ್ಲಾಸ್ಟರಿನೊಳಗಿನ ಬೆವರು, ಮೂಲೆಯಲ್ಲಿ ಬೋಕ್ಯಾನ ಮರಳಿನ ಬುಟ್ಟಿ. ಹೊರಗೆ ಬಿಡದ ಬೆಕ್ಕು ಎಲ್ಲಿಗೆ ಹೋಗಬೇಕು? ಆ ಬುಟ್ಟಿಯನ್ನು ಬಳಿಯುವುದೂ ನನ್ನ ಪಾಲಿಗೇ ಬಂತು. ಕೆಳಗೆ ಗೆಳತಿಯರು ಲಗೋರಿ ಆಡುತ್ತಿದ್ದರು. ಕಲ್ಲು ಉರುಳಿದ ಸದ್ದಿಗೇ ಯಾರ ತಂಡ ಗೆದ್ದಿತು ಎಂದು ನನಗೆ ಗೊತ್ತಾಗುತ್ತಿತ್ತು. ಕಿಟಕಿಯ ಸರಳಿಗೆ ಕೆನ್ನೆ ಒತ್ತಿ ನಿಂತರೆ ಅವರ ತಲೆಗಳಷ್ಟೇ ಕಾಣುತ್ತಿದ್ದವು. ಉಪ್ಪು ಖಾರ ಹಚ್ಚಿದ ಮಾವಿನಕಾಯಿಯನ್ನು ಅವರು ಹಂಚಿಕೊಂಡು ತಿನ್ನುವಾಗ ಇಲ್ಲಿ ನನ್ನ ಬಾಯಲ್ಲಿ ನೀರು.

ಕಚ್ಚುವುದನ್ನು ಬಿಡಿಸಲು ಮನೆಯವರು ಮಾಡದ ಕಸರತ್ತಿಲ್ಲ. ಅವ್ವ ಕಸಬರಿಗೆ ಬೀಸಿದಳು. ಬೋಕ್ಯಾ ಕಸಬರಿಗೆಯನ್ನೇ ಕಚ್ಚಿ ಎಳೆದ. ನೀರು ಎರಚಿದೆವು. ಮಂಚದ ಕೆಳಗೆ ಕೂತು ಮೈ ನೆಕ್ಕಿಕೊಂಡು, ಒಣಗಿದ ಮೇಲೆ ಬಂದು ಕಚ್ಚಿದ. ಅವ್ವನೇ ಯೋಚಿಸಿ ನನ್ನ ಹಿಮ್ಮಡಿಗೆ ಖಾರದ ಪುಡಿ ಹಚ್ಚಿದಳು. ಬೆಕ್ಕು ಒಂದು ಸಲ ಸೀನಿತು, ನಾನು ಸಂಜೆಯವರೆಗೆ ಬಕೆಟ್ಟಿನಲ್ಲಿ ಕಾಲಿಟ್ಟುಕೊಂಡು ಅತ್ತೆ. ಅಪ್ಪ ಮೂತಿಗೆ ಪಟ್ಟಂತ ಹೊಡೆದ. ಬೋಕ್ಯಾಗೆ ಭಾರಿ ಖುಷಿ. ಆಟ ಈಗ ರಂಗೇರಿತು ಅಂದುಕೊಂಡಿರಬೇಕು, ಅಪ್ಪನ ಮುಂಗೈಯನ್ನೇ ಹಿಡಿದ.

ಅಜ್ಜಿ ಇದನ್ನೆಲ್ಲ ಮಂಚದ ಮೇಲಿಂದ ನೋಡುತ್ತಿದ್ದಳು. ಅವಳಿಗೆ ಮರಾಠಿ ಬರದು, ಚಾಳಿನವರಿಗೆ ಕನ್ನಡ ಬರದು. ಮಾತಾಡಿಸಲು ಬಂದವರು ನಗುತ್ತಿದ್ದರು, ಇವಳೂ ನಗುತ್ತಿದ್ದಳು, ಮುಗಿಯಿತು. ಹಾಗಾಗಿ ದಿನವಿಡೀ ಬೋಕ್ಯಾನ ಜೊತೆಗೇ ಮಾತು. ನಿನಗೂ ಬಾಗಲಾ ಹಾಕ್ಯಾರ, ನನಗೂ ಹಾಕ್ಯಾರ, ನೀ ಮಂದೀನ ಕಚ್ಚಿ ಸಿಕ್ಕೊಂಡಿ, ನಾ ಯಾರ್ನ ಕಚ್ಚೀನಿ ಹೇಳು ಎಂದು ಅವನ ಕಿವಿಯಲ್ಲಿ ಹೇಳುತ್ತಿದ್ದಳು. ಬೋಕ್ಯಾ ಪ್ಲಾಸ್ಟರಿಗೆ ತಲೆ ಆನಿಸಿ ಮಲಗುತ್ತಿದ್ದ. ಇಡೀ ಮನೆಯಲ್ಲಿ ಅವನು ಒಮ್ಮೆಯೂ ಕಚ್ಚದ ಕಾಲು ಅದೊಂದೇ. ನನಗೆ ಹೊಟ್ಟೆಕಿಚ್ಚು. ದಿನಾ ಹಾಲು ಹಾಕುವವಳು ನಾನು, ಬುಟ್ಟಿ ಬಳಿಯುವವಳು ನಾನು, ಕಚ್ಚಿಸಿಕೊಳ್ಳುವವಳೂ ನಾನೇ. ಅಜ್ಜಿಯನ್ನು ಯಾಕೆ ಬಿಡುತ್ತಾನೆ ಎಂದು ಕೇಳಿದೆ.

"ನನ್ನ ಕಾಲ ಕಲ್ಲಾಗ್ಯದಲ್ಲ ಗಿರಿಜಿ," ಅಂದಳು. "ಕಲ್ಲ ಕಚ್ಚಿ ಏನ ಮಾಡ್ತಾನ ಅವ?"

ಹೇಳಿದವಳು ತನ್ನ ಪ್ಲಾಸ್ಟರನ್ನು ತಾನೇ ಒಮ್ಮೆ ಬಡಿದು ನೋಡಿದಳು. ಆಮೇಲೆ ನನ್ನನ್ನು ನೆಲದ ಮೇಲೆ ಕೂರಿಸಿ ಕಾಲು ಚಾಚು ಅಂದಳು.

ಅಂದಿನಿಂದ ಶುರುವಾಯಿತು ನೋಡಿ ನನ್ನ ಶಿಕ್ಷೆ. ಬೋಕ್ಯಾ ಬರುತ್ತಿದ್ದ, ಹಿಮ್ಮಡಿ ಹಿಡಿಯುತ್ತಿದ್ದ. ನಾನು ಎಳೆಯಬಾರದು, ಚೀರಬಾರದು, ಬೈಯಬಾರದು, ನಗಲೂಬಾರದು. ಅವನ ಮುಖ ಕೂಡ ನೋಡದೆ ಗೋಡೆಯ ಕಡೆ ತಿರುಗಬೇಕು. ಅವನಾಗಿ ಬಿಟ್ಟು ಸ್ವಲ್ಪ ಹೊತ್ತಾದ ಮೇಲೆ, ಅವ್ವನ ಹಳೆ ಲಂಗದ ಲಾಡಿಗೆ ಚಿಂದಿ ಗಂಟು ಕಟ್ಟಿ ನೆಲದ ಮೇಲೆ ಎಳೆಯಬೇಕು. ಅದನ್ನು ಎಷ್ಟು ಬೇಕಾದರೂ ಕಚ್ಚಲಿ. ಕೇಳಲು ಸುಲಭ. ಸೂಜಿಯಂಥ ಹಲ್ಲು ಕಾಲಲ್ಲಿ ಇರುವಾಗ ಸುಣ್ಣದ ಗೋಡೆ ನೋಡುತ್ತಾ ಕೂರುವುದನ್ನು ನೀವೊಮ್ಮೆ ಮಾಡಿ ನೋಡಿ. ಹೊರಗೆ ಲಗೋರಿ ಉರುಳುತ್ತಿತ್ತು, ಒಳಗೆ ನಾನು ಕಲ್ಲು. ಕಣ್ಣಲ್ಲಿ ನೀರು ಬಂದರೆ ಮಂಚದ ಮೇಲಿಂದ ದನಿ ಬರುತ್ತಿತ್ತು: "ಅಲುಗಾಡಬ್ಯಾಡ."

ನಿಜವಾದ ಕಷ್ಟ ಅಪ್ಪನದು. ಬೆಕ್ಕು ಹಾರಿದ ಕೂಡಲೇ ಅವನ ಕಾಲು ತಾನಾಗಿ ಒದೆಯುತ್ತಿತ್ತು, ಬಾಯಿ ಚೀರುತ್ತಿತ್ತು. ನಾನು ಹಗಲೆಲ್ಲ ಕಲಿಸಿದ್ದನ್ನು ಅಪ್ಪ ಸಂಜೆ ಚಹಾ ಮುಗಿಯುವುದರೊಳಗೆ ಮರೆಸುತ್ತಿದ್ದ. ಅಜ್ಜಿ ಮಗನಿಗೆ ಉಗಿದದ್ದು ಅಷ್ಟಿಷ್ಟಲ್ಲ.

"ಏ ಬಸ್ಯಾ, ಮೊದಲ ನೀ ಕಲಿ. ಆಮ್ಯಾಲ ಬೆಕ್ಕಿಗೆ ಕಲಸೂಣು."

"ನೀ ಸುಮ್ಕಿರವ್ವಾ, ಕಚ್ಚಿಸ್ಕೊಳ್ಳೋ ಕಾಲ ನಂದು."

"ಹೂಂ, ಕೌದ್ಯಾಗ ಕುಣಿಸಿದ ಕಾಲೂ ನಿಂದ."

ಅಪ್ಪ ಆಮೇಲೆ ಕೌದಿಯನ್ನು ಮಡಚಿ ಮೇಲಿಟ್ಟ. ಬೇಸಿಗೆಯಲ್ಲಿ ಕೌದಿ ಯಾರಿಗೆ ಬೇಕು ಎಂದು ಗೊಣಗಿದ.

ಒಂದು ಮಧ್ಯಾಹ್ನ ನನಗೆ ಸಾಕಾಗಿಹೋಯಿತು. ಅಜ್ಜಿ ನಿದ್ದೆಯಲ್ಲಿದ್ದಳು. ಬೋಕ್ಯಾ ಒಳಕೋಣೆಯಲ್ಲಿ ಮಲಗಿರಬೇಕು ಅಂದುಕೊಂಡು, ಮೆಟ್ಟಿಲ ಮೇಲಾದರೂ ಕೂತು ಆಟ ನೋಡೋಣವೆಂದು ಚಿಲಕ ತೆಗೆದೆ. ನನ್ನ ಕಾಲ ಸಂದಿಯಿಂದ ಕಂದು ಗೆರೆಯೊಂದು ಹೊರಗೆ ಹಾರಿತು. ನಾನೂ ಹಾರಿದೆ. ಅರ್ಧ ಮೆಟ್ಟಿಲಲ್ಲಿ ಅವನನ್ನು ಹಿಡಿದು ಎದೆಗೆ ಅವುಚಿಕೊಂಡದ್ದಷ್ಟೇ, ಕೆಳಗೆ ಬಾಳೂ ಬಂದು ನಿಂತ. ಬೋಕ್ಯಾ ಗಾಬರಿಯಿಂದ ನನ್ನ ಮುಂಗೈಯನ್ನು ಕಚ್ಚಿ ಹಿಡಿದ. ಫ್ರಾಕಿನ ಮಡಿಕೆಯಲ್ಲಿ ಅವನ ಬಾಯಿ ಮುಚ್ಚಿತ್ತು, ಬಾಳೂಗೆ ಕಾಣುತ್ತಿರಲಿಲ್ಲ.

"ಅಜೂನ್ ಚಾವ್ತೋ ಕಾಯ್ ಗ?" ಇನ್ನೂ ಕಚ್ಚುತ್ತಾನೇನೇ ಎಂದು ಕೇಳಿದ.

"ನಾಹೀ," ಅಂದೆ. ಅವನಾಗಿ ಹೊಸ್ತಿಲು ದಾಟಿದ್ದಲ್ಲ, ನಾನೇ ಎತ್ತಿಕೊಂಡು ಬಂದದ್ದು ಎಂದೂ ಸೇರಿಸಿದೆ.

ಅವನು ಹೋಗಲಿಲ್ಲ. ಬೀಡಿ ಹಚ್ಚಿದ. ಅಜ್ಜಿ ಹೇಗಿದ್ದಾಳೆ ಅಂದ, ಪ್ಲಾಸ್ಟರ್ ಯಾವಾಗ ಬಿಚ್ಚುತ್ತಾರೆ ಅಂದ. ನಾನು ಒಂದೊಂದಕ್ಕೂ ಉತ್ತರ ಕೊಟ್ಟೆ. ಮೇಲಕ್ಕೆ ಓಡಿದರೆ ಅನುಮಾನ, ಚೀರಿದರೆ ಇಂದಾಪುರ. ಮೆಟ್ಟಿಲ ಮಧ್ಯದಲ್ಲಿ ಗೋಡೆ ನೋಡುತ್ತಾ ನಿಂತೆ. ಅಷ್ಟರಲ್ಲಿ ಮುಂಗೈಯ ಮೇಲಿನ ಹಲ್ಲು ಸಡಿಲವಾಯಿತು. ಇನ್ನಷ್ಟು ಸಡಿಲವಾಯಿತು. ಬೆಚ್ಚಗೆ ಒರಟು ನಾಲಿಗೆಯೊಂದು ಅದೇ ಜಾಗವನ್ನು ನೆಕ್ಕಿತು. ಬಾಳೂ ಬೀಡಿ ಮುಗಿಸಿ ಹೋದ ಮೇಲೆ ಮನೆಗೆ ಬಂದು ನೋಡಿದರೆ ಹಲ್ಲಿನ ಗುರುತಿತ್ತು, ಚರ್ಮ ಹರಿದಿರಲಿಲ್ಲ. ಎದ್ದು ಕೂತಿದ್ದ ಅಜ್ಜಿ ಆ ಗುರುತನ್ನು ಬೆರಳಿನಿಂದ ಸವರಿದಳು, ಸೋಪು ಹಚ್ಚಿ ತೊಳೆದು ಬಾ ಅಂದಳು. ಬಾಗಿಲು ಯಾಕೆ ತೆಗೆದೆ ಎಂದು ಕೇಳಲಿಲ್ಲ.

ಪ್ಲಾಸ್ಟರ್ ಬಿಚ್ಚುವ ದಿನ ಬಂತು. ಅದೇ ವಾರ ರಜೆಯೂ ಮುಗಿಯುವುದಿತ್ತು. ಹಿಂದಿನ ದಿನವೇ ಅಪ್ಪ ಹೇಳಿಬಿಟ್ಟಿದ್ದ. "ಮುದುಕಿ ಕಾಲ ಅದು. ಮತ್ತ ಬಿದ್ದಳಂದ್ರ ಏಳಂಗಿಲ್ಲ. ಆ ಕಾಲಿಗೆ ಹಲ್ಲ ಹಚ್ಚಿದಾ ಅಂದ್ರ ಬಾಳೂನ ಕೈಯಾಗ ನಾನ ಕೊಡ್ತೀನಿ." ಅಪ್ಪ ಕೂಗಾಡಿ ಹೇಳಿದ್ದರೆ ನಾನು ಹೆದರುತ್ತಿರಲಿಲ್ಲ. ಮೆತ್ತಗೆ ಹೇಳಿದ್ದ. ಅವನ ಮಾತು ಸುಳ್ಳೂ ಅಲ್ಲ. ಇಷ್ಟು ದಿನ ಕಲ್ಲಾಗಿದ್ದ ಕಾಲು ನಾಳೆ ಅಲುಗಾಡುತ್ತದೆ.

ಆಸ್ಪತ್ರೆಯಿಂದ ಅಪ್ಪ ಅಜ್ಜಿಯನ್ನು ಎತ್ತಿಕೊಂಡೇ ಮೆಟ್ಟಿಲು ಹತ್ತಿದ. ಕಾಲು ನುಗ್ಗೆಕಾಯಿಯಂತೆ ಬತ್ತಿತ್ತು, ಚರ್ಮ ಹೊಟ್ಟಿನಂತೆ ಉದುರುತ್ತಿತ್ತು. ಕಾಕು ಒಂದು ಬಟ್ಟಲು ಮಾವಿನ ರಸ ತಂದು ಬಾಗಿಲಲ್ಲಿ ನಿಂತರು. ನಡೆಯುವುದನ್ನು ನೋಡಲು ಬಂದೆ ಎಂದರು, ಅಜ್ಜಿ ನಡೆಯುವುದನ್ನೋ ಬೆಕ್ಕು ನಡೆದುಕೊಳ್ಳುವುದನ್ನೋ ಎಂದು ಹೇಳಲಿಲ್ಲ. ಅವರ ಒಂದು ಕೈ ಸೀರೆಯ ನಿರಿಗೆಯನ್ನು ಎತ್ತಿ ಹಿಡಿದಿತ್ತು. ಬೋಕ್ಯಾನನ್ನು ಒಳಕೋಣೆಯಲ್ಲಿ ಕೂಡಿಹಾಕೋಣ ಎಂದು ಅವ್ವ ಅಂದಳು. ಅಜ್ಜಿ ಬೇಡ ಅಂದಳು.

ಅಜ್ಜಿ ಗೋಡೆ ಹಿಡಿದು ನಿಂತಳು. ಒಂದು ಹೆಜ್ಜೆ. ಕಾಲು ನೆಲವನ್ನು ಸವರಿಕೊಂಡು ಸರ್ ಎಂದು ಮುಂದೆ ಬಂತು. ಮಂಚದ ಕೆಳಗಿದ್ದ ಬೋಕ್ಯಾನ ಕಿವಿ ನೆಟ್ಟಗಾದವು. ಇನ್ನೊಂದು ಹೆಜ್ಜೆ. ಹೊಟ್ಟೆ ನೆಲಕ್ಕೆ ಅಂಟಿತು, ಕುಂಡಿ ಕುಣಿಯಿತು. ನನಗೆ ಗೊತ್ತಿತ್ತು, ಎಲ್ಲರಿಗಿಂತ ಮೊದಲು ನನಗೆ ಗೊತ್ತಿತ್ತು. ಹಾರಿದ.

ಹಿಮ್ಮಡಿ ಅವನ ಬಾಯಲ್ಲಿತ್ತು. ಅಪ್ಪ ಕೈ ಎತ್ತಿದ.

"ಮುಟ್ಟಬ್ಯಾಡ," ಅಂದಳು ಅಜ್ಜಿ, ಗೋಡೆಗೇ ಹೇಳುವ ಹಾಗೆ. ಅವಳ ಮುಖ ಅತ್ತ ತಿರುಗಿತ್ತು.

ಅಪ್ಪನ ಕೈ ಗಾಳಿಯಲ್ಲೇ ನಿಂತಿತು. ಅವ್ವ ನಿಂತಲ್ಲೇ ನಿಂತಳು. ಬಟ್ಟಲು ಹಿಡಿದ ಕಾಕು ಕೂಡ. ಕಲ್ಲಾಗದೆ ಇದ್ದದ್ದು ಆ ಕಾಲು ಒಂದೇ. ಶಕ್ತಿಯೇ ಇರಲಿಲ್ಲವಲ್ಲ, ಅದು ತಾನಾಗಿ ಗಡಗಡ ನಡುಗುತ್ತಿತ್ತು. ಅಲುಗಾಡಬ್ಯಾಡ ಎಂದು ನನಗೆ ದಿನಾ ಹೇಳಿದವಳು ತನ್ನ ಕಾಲಿಗೆ ಹೇಳಲಾರದೆ ಗೋಡೆಯನ್ನು ಉಗುರಿನಿಂದ ಒತ್ತಿ ನಿಂತಿದ್ದಳು. ಬೋಕ್ಯಾನ ಬಾಯೊಳಗೆ ಅದು ಮೀನಿನ ಹಾಗೆ ಮಿಡುಕುತ್ತಿದ್ದಿರಬೇಕು.

ಅವನು ಹಲ್ಲು ಒತ್ತಲಿಲ್ಲ. ಬಾಯಿ ತೆರೆದೇ ಇಟ್ಟುಕೊಂಡು ಒಮ್ಮೆ ಮೇಲೆ ನೋಡಿದ. ಆಮೇಲೆ ಹಿಮ್ಮಡಿ ಬಿಟ್ಟು, ಉದುರುವ ಚರ್ಮವನ್ನು ಒಂದು ಸಲ ನೆಕ್ಕಿ, ರುಚಿ ಸೇರಲಿಲ್ಲವೇನೋ, ಬಾಗಿಲ ಕಡೆ ನಡೆದ. ಕಾಕೂನ ಕಾಲ ಪಕ್ಕದಲ್ಲೇ ಹಾದು ಹೊಸ್ತಿಲ ಮೇಲೆ ಕೂತ.

"ಶಹಾಣಾ ಝಾಲಾ," ಅಂದರು ಕಾಕು. ಬುದ್ಧಿ ಬಂತು. ನಿರಿಗೆ ಮಾತ್ರ ಇನ್ನೂ ಕೆಳಗೆ ಬಿಟ್ಟಿರಲಿಲ್ಲ.

ಅಪ್ಪ ಬಾಗಿಲನ್ನು ಪೂರ್ತಿ ತೆರೆದ. ಗಾಳಿ ಬಂತು. ನಾನು ಓಡಿದೆ, ಚಪ್ಪಲಿಯನ್ನೂ ಹಾಕಿಕೊಳ್ಳದೆ.

ಅಜ್ಜಿ ಚೆನ್ನಾಗಿ ನಡೆಯುವಂತಾದ ಮೇಲೆ ಊರಿಗೆ ಹೊರಟಳು. ಇನ್ನು ಇಲ್ಲೇ ಇರು ಎಂದು ಅಪ್ಪ ಅಂದದ್ದಕ್ಕೆ, ನೋಡಪಾ, ಬೆಕ್ಕಿಗೇ ಬಾಗಲಾ ತಗದೀರಿ, ನನಗ್ಯಾಕ ಹಾಕ್ತೀರಿ ಅಂದಳಂತೆ. ಬಸ್ಸು ಹತ್ತುವ ಮೊದಲು ನನ್ನನ್ನು ಹತ್ತಿರ ಕರೆದಳು. "ಇದು ಬೆಕ್ಕಿನ ವಿದ್ಯಾ ಅಷ್ಟ, ಗಿರಿಜಿ. ಮನಷ್ಯಾರು ಕಚ್ಚಿದ್ರ ಕಲ್ಲಾಗಿ ನಿಂದರಬ್ಯಾಡ, ಕಾಲ ಕಿತ್ತಕೊಂಡು ಓಡು." ಅದನ್ನು ನಾನು ಪಾಲಿಸಿದೆನೋ ಇಲ್ಲವೋ ಇಲ್ಲಿ ಬರೆಯುವುದಿಲ್ಲ. ನನ್ನ ಗಂಡನೂ ಇದನ್ನು ಓದುತ್ತಾನೆ.

ಬೋಕ್ಯಾ ಆಮೇಲೆ ವರ್ಷಗಟ್ಟಲೆ ಚಾಳಿನ ಮೆಟ್ಟಿಲುಗಳ ಮೇಲೆ ಮಲಗಿ ಬದುಕಿದ. ಜನ ಅವನನ್ನು ದಾಟಿಕೊಂಡು ಓಡಾಡಿದರು. ಆ ಚಾಳು ಈಗಿಲ್ಲ. ಅಜ್ಜಿ ಹೋಗಿ ಎಷ್ಟೋ ವರ್ಷ ಆಯಿತು. ಅಪ್ಪನೂ ಇಲ್ಲ.

ನಾನೀಗ ಕೊಂಢವಾದ ಒಂದು ಫ್ಲ್ಯಾಟಿನಲ್ಲಿದ್ದೇನೆ. ಮಗಳು ಹೋದ ತಿಂಗಳು ಒಂದು ಮರಿ ತಂದಿದ್ದಾಳೆ. ಅದಕ್ಕೆ ಗರಿ ಕಟ್ಟಿದ ಕೋಲು, ಗಂಟೆಯಿರುವ ಚೆಂಡು, ತನ್ನಷ್ಟಕ್ಕೆ ಓಡುವ ಇಲಿ, ಎಲ್ಲ ಬಂದಿವೆ. ಕಚ್ಚುವುದನ್ನು ಬಿಡಿಸುವುದು ಹೇಗೆ ಎಂದು ಮಗಳು ಫೋನಿನಲ್ಲಿ ವಿಡಿಯೊ ತೋರಿಸಿದಳು. ಅದರಲ್ಲಿ ಯಾರೋ ಹೇಳುತ್ತಿದ್ದರು: ಎಳೆಯಬೇಡಿ, ಕೂಗಬೇಡಿ, ಹೊಡೆಯಬೇಡಿ, ಅಲುಗಾಡದೆ ಇರಿ. ಇಷ್ಟೇ ತಾನೇ ಎಂದು ನಾನು ಮುಂದಕ್ಕೆ ಸರಿಸಿದೆ.

ಮೊನ್ನೆ ಮಧ್ಯಾಹ್ನ ಮನೆಯಲ್ಲಿ ಒಬ್ಬಳೇ ಇದ್ದೆ. ಮರಿ ಸೋಫಾದ ಕೆಳಗಿನಿಂದ ಬಂದು ಹಿಮ್ಮಡಿ ಹಿಡಿಯಿತು. ಗೋಡೆಯ ಕಡೆ ಮುಖ ತಿರುಗಿಸಿದೆ. ಫೋನು ಬಡಿದುಕೊಂಡಿತು, ಕುಕ್ಕರ್ ಕೂಗಿತು, ಬಾಗಿಲಲ್ಲಿ ಯಾವನೋ ಪಾರ್ಸಲ್ ತಂದು ಬೆಲ್ ಒತ್ತಿದ. ಆದರೂ ನಿಂತೆ, ಸ್ವಲ್ಪ ಹೊತ್ತು. ಬೆನ್ನ ಹಿಂದಿನಿಂದ ಯಾರಾದರೂ ಅಲುಗಾಡಬ್ಯಾಡ ಎಂದು ಒಂದು ಮಾತು ಅನ್ನಲಿ ಎಂದು ಕಾದೆ.

ಯಾರೂ ಏನೂ ಅನ್ನಲಿಲ್ಲ. ಕಾಲು ಎಳೆದುಕೊಂಡೆ.