ಬೀರಯ್ಯನ ಕಲ್ಲಿಗೊಂದು ಪದ

ಅಥವಾ ನಾನು ಹುಳುಮನೆಗೆ ಇಣುಕಿದ್ದು ಬೆಳಿಗ್ಗೆಯಲ್ಲ, ಮಧ್ಯಾಹ್ನವೇ ಇರಬೇಕು. ಯಾಕೆಂದರೆ ಗಾಜಿನ ಹೆಂಚಿನಿಂದ ಇಳಿದ ಬಿಸಿಲು ರೇಷ್ಮೆಹುಳುವಿನ ತಟ್ಟೆಯ ಮೇಲೆ ಬಿದ್ದದ್ದು ನೆನಪಿದೆ. ಆದರೆ ಹುಳುಮನೆಗೆ ಗಾಜಿನ ಹೆಂಚು ಹಾಕಿಸಿದ್ದೇ ಅದಾದ ಎರಡು ವರ್ಷಕ್ಕೆ ಎನ್ನುತ್ತಾರೆ ನನ್ನ ಗಂಡ. ಹಾಗಾದರೆ ಆ ಬಿಸಿಲನ್ನು ಎಲ್ಲಿಂದ ತಂದೆ? ನನ್ನ ನೆನಪು ಶಾಮಿಯಾನದ ಅಂಗಡಿಯಂಥದ್ದು. ಒಬ್ಬರ ಮದುವೆಯ ಕುರ್ಚಿ ಇನ್ನೊಬ್ಬರ ತಿಥಿಯಲ್ಲೂ ಕಾಣಿಸುತ್ತದೆ.

ಇಂಥವಳ ಹತ್ತಿರ ಶಿವಮ್ಮ ಒಂದು ಪದ ಕೇಳಿಕೊಂಡು ಬಂದಳು. ಅವಳ ಅಪ್ಪ ಬೀರಯ್ಯ, ಕುದೂರಿನ ಹತ್ತಿರದ ನಮ್ಮ ಮನೆಯಲ್ಲಿ ಹಿಂದೊಮ್ಮೆ ಹುಳು ನೋಡಿಕೊಳ್ಳುತ್ತಿದ್ದವನು, ತೀರಿಕೊಂಡು ವರ್ಷವಾಗುತ್ತಿತ್ತು. ಹೊಲದ ಬದುವಿನಲ್ಲಿ ಅವನಿಗೊಂದು ಕಲ್ಲು ನಿಲ್ಲಿಸಬೇಕಿತ್ತು.

"ಹೆಸ್ರೈತೆ, ಊರೈತೆ. ನಿಮ್ಮನೇಲಿ ಹುಳ ನೋಡ್ಕತಿತ್ತಲ್ಲ ಅಪ್ಪ, ಅದ್ಕೊಂದು ಒಳ್ಳೆ ಪದ ಬರ್ಕೊಡಿ ಟೀಚರಮ್ಮ. ಆಳು ಅಂತ ಮಾತ್ರ ಬ್ಯಾಡ. ಊರೋರು ಸಾಯೋಗಂಟ ಹುಳ ಕೆಡಿಸ್ದೋನು ಅಂತ್ಲೇ ಅಂದ್ರು. ಕಲ್ಲಾದ್ರೂ ಒಸಿ ಮರ್ಯಾದೆಯಾಗಿ ಮಾತಾಡ್ಲಿ."

ಬದುಕಿಡೀ ಮಾಗಡಿಯ ಮಕ್ಕಳಿಗೆ ಸಮಾನಾರ್ಥಕ ಪದ ಬರೆಸಿದವಳು ನಾನು. ಒಂದು ಪದ ಯಾವ ಮಹಾ ಎಂದು ನಿಘಂಟು ಇಳಿಸಿಕೊಂಡು ಕೂತೆ.

ಪಾಲಕ ಎಂದು ಬರೆದೆ. ಪ್ರಗತಿ ಪತ್ರದ ಕೆಳಗೆ ಹೆಬ್ಬೆಟ್ಟು ಒತ್ತುವ ಮುಖ ಎದುರಿಗೆ ಬಂತು. ಪೋಷಕ ಎಂದರೆ ನಾಯಕನ ಗೆಳೆಯನ ಪಾತ್ರ ಮಾಡಿ ಮಧ್ಯಂತರದಲ್ಲಿ ಸಾಯುವ ನಟ. ಮೇಲ್ವಿಚಾರಕ ಪರೀಕ್ಷಾ ಕೊಠಡಿಯಲ್ಲಿ ಶೂ ಸದ್ದು ಮಾಡುತ್ತಾನೆ. ಉಸ್ತುವಾರಿ ಎಂದರೆ ಬಾವುಟ ಹಾರಿಸಲು ಬರುವ ಮಂತ್ರಿ. ಆ ಪದಕ್ಕೆ ಕಾರಿಲ್ಲದೆ ನಡೆಯಲು ಬರುವುದಿಲ್ಲ. ಕಾವಲುಗಾರನಿಗೆ ಕಳ್ಳ ಬೇಕು. ರಕ್ಷಕ ಪೊಲೀಸ್ ಠಾಣೆಯ ಬೋರ್ಡಿನಿಂದ ಇಳಿದು ಬರಲು ಒಪ್ಪಲಿಲ್ಲ. ಕೇರ್‌ಟೇಕರ್ ಎಂದು ಕನ್ನಡ ಲಿಪಿಯಲ್ಲೇ ಕೆತ್ತಿಸಿಬಿಡೋಣವೆಂದರೆ, ರಾಮನಗರದ ಛತ್ರವೊಂದರಲ್ಲಿ ಬೀಗದ ಕೈ ಗೊಂಚಲು ಇಟ್ಟುಕೊಂಡು "ನೀರಿಲ್ಲ" ಎನ್ನುವವನ ನೆನಪಾಯಿತು. ಇಷ್ಟು ಜನರಲ್ಲಿ ಒಬ್ಬನಾದರೂ ಹುಳುವನ್ನು ಬೆರಳಲ್ಲಿ ಎತ್ತಿದವನಲ್ಲ.

ಬೀರಯ್ಯ ನಮ್ಮಲ್ಲಿದ್ದ ಕಾಲಕ್ಕೆ ನಮ್ಮ ಕಡೆ ರಾಗಿ ಹೊಲಗಳೆಲ್ಲ ಹಿಪ್ಪುನೇರಳೆ ಆಗುತ್ತಿದ್ದವು. ಹೆಣ್ಣು ಕೊಡುವವರು ಹುಡುಗನ ಓದು ಕೇಳುತ್ತಿರಲಿಲ್ಲ, ಎಷ್ಟು ತಟ್ಟೆ ಹುಳು ಸಾಕುತ್ತೀರಿ ಎನ್ನುತ್ತಿದ್ದರು. ಮನುಷ್ಯರು ಜಗಲಿಯಲ್ಲಿ ಮಲಗಿ ನಡುಮನೆಯನ್ನು ಹುಳುವಿಗೆ ಬಿಟ್ಟುಕೊಟ್ಟಿದ್ದ ಕಾಲ. ಬೀರಯ್ಯ ಮೂಲತಃ ಕುರಿಯವನು. ಅವನ ಕೈ ತಣ್ಣಗಿದೆ, ಹುಳುವಿಗೆ ಒಗ್ಗುತ್ತದೆ ಎಂದು ನನ್ನ ಮಾವ ಕರೆಸಿಕೊಂಡಿದ್ದರು. ಹುಳುಮನೆ ಹೊಗುವ ಮುಂಚೆ ಅವನು ಕಾಲು ತೊಳೆದು, ಬಾಯಿ ಮುಕ್ಕಳಿಸಿ, ಹೊಗೆಸೊಪ್ಪಿನ ಚೀಲವನ್ನು ಬೇವಿನ ಕೊಂಬೆಗೆ ಸಿಕ್ಕಿಸುತ್ತಿದ್ದ. ಯಾರಾದರೂ ಹುಳ ಹೆಂಗವೆ ಎಂದರೆ ಚೆನ್ನಾಗಿವೆ ಎನ್ನುವ ಹಾಗಿಲ್ಲ, ದೃಷ್ಟಿಯಾಗುತ್ತದೆ. "ಅವೆ ಏನೋ" ಎನ್ನಬೇಕು. ಹೊಸ ಸೊಸೆಯಾದ ನಾನು ಮಲ್ಲಿಗೆ ಎಣ್ಣೆ ಹಚ್ಚಿಕೊಂಡು ಒಳಗೆ ಹೋದಾಗ, "ಹುಳ ಸತ್ರೆ ನಿಮ್ ಜಡೆ ನೂಲ್ತದೇನ್ರವ್ವಾ?" ಎಂದು ಆಚೆ ಕಳಿಸಿದ್ದ.

ಗೂಡು ಕಟ್ಟುವ ಮುಂಚೆ ಹುಳು ನಾಲ್ಕು ಸಲ ಪೊರೆ ಬಿಡುತ್ತದೆ. ಅದಕ್ಕೆ ನಮ್ಮಲ್ಲಿ ಜ್ವರ ಎನ್ನುತ್ತಾರೆ. ಜ್ವರಕ್ಕೆ ಕೂತ ಹುಳು ತಲೆಯೆತ್ತಿ ಅಲ್ಲಾಡದೆ ಇರುತ್ತದೆ. ಆಗ ಸೊಪ್ಪು ಹಾಕಬಾರದು, ಎಲ್ಲವೂ ಏಳುವವರೆಗೆ ತಡೆಯಬೇಕು. ಹಾಕಿದರೆ ಮೊದಲು ಎದ್ದವು ತಿಂದು ಮುಂದೆ ಹೋಗುತ್ತವೆ, ಉಳಿದವು ಸೊಪ್ಪಿನಡಿ ಸಿಕ್ಕಿ ಹಿಂದೆ ಬೀಳುತ್ತವೆ. ಸಾಕುವುದರಲ್ಲಿ ಕಷ್ಟದ ಕೆಲಸ ಇದೇ ಎನ್ನುತ್ತಿದ್ದ ಬೀರಯ್ಯ: ಕೊಡದೆ ಇರುವುದು. ಈ ಅರ್ಥವನ್ನು ನಿಘಂಟು ಕೊಟ್ಟಿಲ್ಲ.

ನಾಲ್ಕನೇ ಜ್ವರದ ದಿನ ಮನೆಯವರೆಲ್ಲ ಕನಕಪುರಕ್ಕೆ ಮದುವೆಗೆ ಹೋಗಿದ್ದರು. ಬೀರಯ್ಯ ಕುರಿ ಬಿಡಲು ಹಟ್ಟಿಗೆ ಹೋಗಿದ್ದ. ನಾನು ಇಣುಕಿದೆ. ಸಾವಿರಾರು ತಲೆಗಳು ಮೇಲೆದ್ದು ನನ್ನನ್ನೇ ಕೇಳುವಂತಿದ್ದವು. ಹಸಿವು ಎಂದುಕೊಂಡೆ. ಮೂಲೆಯ ಬುಟ್ಟಿಯಿಂದ ಎರಡು ತಟ್ಟೆಗೆ ಸೊಪ್ಪು ಹರಡಿದೆ. ನಾಲ್ಕು ತಟ್ಟೆಗೋ? ಹೇಗೂ ಹರಡಿದೆ.

ವಾರದ ಮೇಲೆ ಅರ್ಧ ಹುಳು ಹಣ್ಣಾಗಿ ನೂಲು ಬಿಡುತ್ತಿದ್ದರೆ ಇನ್ನರ್ಧ ಮೇಯುತ್ತಲೇ ಇದ್ದವು. ಬೆಳೆ ಕೆಟ್ಟಿತು. ಮಾವನವರು ಅಂಗಳದಲ್ಲಿ ಎಲ್ಲರೆದುರು ಕೇಳಿದರು.

"ಏನ್ಲಾ ಬೀರ, ಜ್ವರದ ಹುಳಕ್ಕೆ ಸೊಪ್ಪಾಕಿದ್ಯೇನ್ಲಾ?"

"ಊಂ ಕಣಪ್ಪೋ, ಕಣ್ಣು ಮಂಜಾಗಿತ್ತು. ಎದ್ದವೆ ಅಂತ ಹಾಕ್ಬುಟ್ಟೆ."

"ಕಣ್ಣು ಕಾಣದಿದ್ರೆ ಕುರಿ ಹಿಂದೆ ಹೋಗ್ಲಾ. ಅವಾದ್ರೂ ದಾರಿ ತೋರುಸ್ತವೆ."

ಎಲ್ಲರೂ ನಕ್ಕರು. ನಾನೂ ನಕ್ಕೆನೇ? ಇಲ್ಲ ಎಂದು ಬರೆಯಬಹುದು, ಸಾಕ್ಷಿಗೆ ಯಾರೂ ಇಲ್ಲ. ಬಾಯಿ ಬಿಡಲಿಲ್ಲ ಎನ್ನುವುದು ಮಾತ್ರ ಖಚಿತ. ಮುಂದಿನ ಬೆಳೆಗೆ ಬೇರೊಬ್ಬರು ಬಂದರು. ಯಾವ ಹುಳುಮನೆಯೂ ಬೀರಯ್ಯನನ್ನು ಮತ್ತೆ ಕರೆಯಲಿಲ್ಲ.

ಇದನ್ನು ಶಿವಮ್ಮನಿಗೆ ಹೇಳದೆ ಪದ ಬರೆದುಕೊಡುವುದು ಹೇಗೆ? ಅವಳು ಮತ್ತೆ ಬಂದಾಗ ತಟ್ಟೆಯ ಮೇಲಿನ ಬಿಸಿಲು ಸಮೇತ ಎಲ್ಲ ಹೇಳಿದೆ. ಅವನ ಕೆಟ್ಟ ಹೆಸರಿಗೆ ಕಾರಣಳಾದವಳು ಕಾಫಿ ಕೊಡುತ್ತಾ ಹೇಳಿದೆ, ಅದೊಂದು ನಾಚಿಕೆ. ಅವಳು ಲೋಟ ಕೆಳಗಿಟ್ಟಳು.

"ನೀವ್ಯಾಕಾಕ್ತೀರಿ? ಹಾಕಿದ್ದು ನಾನು."

"ನೀನಾ?"

"ಅವತ್ತು ಸ್ಕೂಲ್ ತಪ್ಸಿ ಅಪ್ಪನ್ನ ಹುಡೀಕ್ಕಂಡ್ ಬಂದಿದ್ದೆ. ಯಾರೂ ಇರ್ನಿಲ್ಲ. ಹುಳ ಪಾಪ ಅನ್ನುಸ್ತು, ಹಾಕ್ಬುಟ್ಟೆ. ಅಪ್ಪ ಬಂದು ತಟ್ಟೆಯಿಂದ ಸೊಪ್ಪು ಆಯ್ದಾಕ್ತಾ ಇರೋವಾಗ ಹೇಳ್ದೆ. ಬಾಯ್ ಮುಚ್ಕಂಡಿರವ್ವ ಅಂತು. ನನ್ ದೆಸೆಯಿಂದ ಅಪ್ಪಂಗೆ ಹಿಂಗಾಯ್ತಲ್ಲ ಅಂತ ಇಷ್ಟ್ ವರ್ಷ ಕೊರಗೀವ್ನಿ ಟೀಚರಮ್ಮ."

"ಯಾವ ತಟ್ಟೆಗೆ ಹಾಕಿದೆ?"

"ಬಿಸ್ಲು ಬಿದ್ದಿತ್ತಲ್ಲ, ಅದ್ಕೆ."

ಹಾಗಾದರೆ ಬಿಸಿಲು ಇತ್ತೇ? ಗಾಜಿನ ಹೆಂಚೂ ಇತ್ತೇ? ಇಲ್ಲವೇ ನಾನು ಹೇಳಿದ ಬಿಸಿಲನ್ನೇ ಅವಳು ತೆಗೆದುಕೊಂಡಳೇ? ಒಂದು ಅಪರಾಧಕ್ಕೆ ನಾವಿಬ್ಬರು ಹೆಂಗಸರು ಜಗಳವಾಡಿದೆವು. ಅವಳಿಗೆ ಅದು ಬೇಕಿತ್ತು, ನನಗೂ ಬೇಕಿತ್ತು. ಅಪ್ಪ ತನಗಾಗಿ ತಲೆಕೊಟ್ಟ ಎಂಬುದನ್ನು ಯಾವ ಮಗಳು ಬಿಟ್ಟುಕೊಡುತ್ತಾಳೆ? ನಾನಾದರೋ, ಊರಿಗೆ ಹೊಸಬಳಾದ ನನ್ನನ್ನು ತಪ್ಪು ತನ್ನ ಮೇಲೆಳೆದುಕೊಂಡು ಒಬ್ಬನಾದರೂ ಜೋಪಾನ ಮಾಡಿದ ಎಂಬ ನಂಬಿಕೆಯ ಮೇಲೆ ಆ ಮನೆಯಲ್ಲಿ ಬೇರು ಬಿಟ್ಟವಳು.

ಕೊನೆಗೆ ನನ್ನ ಪದಗಳ ಚೀಟಿಯನ್ನು ಅವಳು ಓದಿದಳು. "ಇವೆಲ್ಲ ದೊಡ್ಡೋರ ಮನೆ ಪದ, ಬುಡಿ. ಹುಳ ಕೆಡಿಸ್ನಿಲ್ಲ ಅಂತ ಬರೀರಿ, ಸಾಕು."

ಬರೆದುಕೊಟ್ಟೆ. ಈಗ ಬದುವಿನ ಮೇಲೆ ಕಲ್ಲು ನಿಂತಿದೆ: ಬೀರಯ್ಯ, ಊರ ಹೆಸರು, ಅದರಡಿ 'ಇವರು ಹುಳು ಕೆಡಿಸಲಿಲ್ಲ'. ಹಾದುಹೋಗುವವರು ನಿಂತು ಓದಿ ತಲೆ ಕೆರೆದುಕೊಳ್ಳುತ್ತಾರಂತೆ.

ಸೊಪ್ಪು ಹಾಕಿದ್ದು ನಾನೋ, ಶಿವಮ್ಮನೋ, ಇಬ್ಬರೂ ಒಬ್ಬರ ಹಿಂದೊಬ್ಬರೋ, ಅಥವಾ ನಿಜವಾಗಿಯೂ ಕಣ್ಣು ಮಂಜಾಗಿ ಬೀರಯ್ಯನೇ ಹಾಕಿ ನಮ್ಮಿಬ್ಬರ ಕಲ್ಲು ಸುಳ್ಳು ಹೇಳುತ್ತಿದೆಯೋ, ನನಗೆ ಗೊತ್ತಿಲ್ಲ.