ಹೆಸರು ಕೊರೆದ ಪ್ಯಾಸ್ಟಿ

ನಮ್ಮ ಭಾವ ಆರ್ವೋ ಲಾಹ್ಟಿ ಮೂವತ್ತೊಂದು ವರ್ಷ ಮಿಷಿಗನ್ನಿನ ಕಬ್ಬಿಣದ ಗಣಿಯಲ್ಲಿ ದುಡಿದವರು. ಪಾರ್ಕಿನ್ಸನ್ಸ್ ಕಾಯಿಲೆ ಬಂದ ಮೇಲೆ ಕೈ ನಡುಗಿ ನಡುಗಿ ಮೈ ಸೊರಗಿತು. ಊಟದ ವಾಸನೆಯೂ ಮೂಗಿಗೆ ಹತ್ತದು. ತೂಕ ನೂರ ನಲವತ್ತೆರಡು ಪೌಂಡಿಗೆ ಬಂದಾಗ ಡಾಕ್ಟರು ಖಡಾಖಂಡಿತವಾಗಿ ಹೇಳಿದರು: ನೂರ ನಲವತ್ತಕ್ಕಿಂತ ಇಳಿದರೆ ಹೆಪ್ಪುಗಟ್ಟಿದ ಕೆರೆಯ ಮೇಲೆ ಮೀನು ಹಿಡಿಯಲು ಹೋಗುವಂತಿಲ್ಲ. ಭಾವನಿಗೆ ಆ ಕೆರೆಯೇ ಪ್ರಾಣ.

ನನ್ನಕ್ಕ ಸೈಮಾ ಮೂರು ಹೊತ್ತೂ ಸೂಪು ಮಾಡಿದಳು. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ, ಅರ್ಧ ಅಂಗಿಯ ಪಾಲು. ಅದಕ್ಕಿಂತ ದೊಡ್ಡ ತಪ್ಪು ಇನ್ನೊಂದಿತ್ತು. ಅಕ್ಕನಿಗೆ ಮೇಜಿನ ಮೇಲೆ ತಟ್ಟೆ ಕಂಡರಾಗದು. ಭಾವ ಸುಸ್ತಾಗಿ ಚಮಚ ಕೆಳಗಿಟ್ಟರೆ ಸಾಕು, ತಟ್ಟೆ ಎತ್ತಿಬಿಡುತ್ತಿದ್ದಳು.

"ಸಾಕು ಅಂತ... ನಾನೆಲ್ಲಿ ಅಂದೆ?" ಎಂದು ಭಾವ ತೊದಲುವಷ್ಟರಲ್ಲಿ ಅದು ತೊಳೆದೂ ಆಗಿರುತ್ತಿತ್ತು.

ನನಗೆ ರೇಗಿತು. "ಅಕ್ಕಾ, ತಟ್ಟೆಗೇನು ಕಾಲು ಬಂದು ಓಡಿ ಹೋಗುತ್ತಾ?"

"ಆರಿದ್ದು ಯಾರು ತಿಂತಾರೆ? ನಿನಗೇನು ಗೊತ್ತು, ಸುಮ್ನಿರೇ!"

ಗುರುವಾರ ಚರ್ಚಿನ ಅಡುಗೆಮನೆಯಲ್ಲಿ ನಾವು ಹೆಂಗಸರೆಲ್ಲ ಮಾರಾಟಕ್ಕೆ ಪ್ಯಾಸ್ಟಿ ಮಡಚುತ್ತೇವೆ. ಕರ್ಜಿಕಾಯಿಯ ಆಕಾರ, ಒಳಗೆ ಮಾಂಸ, ಆಲೂಗಡ್ಡೆ. ಹಿಂದೆ ಗಣಿಗೆ ಕಟ್ಟಿಕೊಡುವಾಗ ಮೂಲೆಯಲ್ಲಿ ಗಂಡನ ಹೆಸರಿನ ಅಕ್ಷರ ಕೊರೆಯುತ್ತಿದ್ದರು. ಗಂಡಸರು ಇನ್ನೊಂದು ತುದಿಯಿಂದ ತಿಂದು, ಉಳಿದದ್ದನ್ನು ಆಮೇಲಿಗೆ ಇಡುತ್ತಿದ್ದರು. ಹೆಸರಿದ್ದ ತುಂಡನ್ನು ಯಾರೂ ಮುಟ್ಟುವಂತಿರಲಿಲ್ಲ.

ಥಟ್ಟನೆ ಹೊಳೆಯಿತು. ಅಂಗೈಯಗಲದ ಪುಟ್ಟ ಪ್ಯಾಸ್ಟಿಗಳನ್ನು ಮಾಡಿದೆ. ಬೆಣ್ಣೆ ಧಾರಾಳ, ಒಳಗೆ ಗೆಡ್ಡೆ, ಆಲೂಗಡ್ಡೆ. ಮಾಂಸ ಭಾವನ ಹಗಲಿನ ಗುಳಿಗೆಗೆ ಅಡ್ಡ ಬರುತ್ತದೆಂದು ನರ್ಸ್ ಹೇಳಿದ್ದಳು, ಅದನ್ನು ರಾತ್ರಿಯವಕ್ಕೆ ಮಾತ್ರ ತುಂಬಿದೆ. ಒಂದೊಂದರ ಮೂಲೆಯಲ್ಲೂ ಭಾವನ ಹೆಸರು ಕೊರೆದೆ.

ಚಮಚ ಬೇಡ, ಚೆಲ್ಲುವ ಭಯವಿಲ್ಲ. ಭಾವ ಅರ್ಧ ತಿಂದು ಕೆಳಗಿಟ್ಟರು. ಅಕ್ಕನ ಕೈ ಅಭ್ಯಾಸದಂತೆ ಹೋಯಿತು, ಅಕ್ಷರ ಕಂಡು ನಿಂತಿತು. ಗಣಿಯವರ ಮಗಳಲ್ಲವೇ! ತಾಸು ಬಿಟ್ಟು ಉಳಿದರ್ಧವೂ ಖಾಲಿ. ದಿನಕ್ಕೆ ಆರು ಸಲ ಹೀಗೇ ನಡೆಯಿತು.

ಫೆಬ್ರವರಿಯಲ್ಲಿ ತೂಕ ನೂರ ನಲವತ್ತೇಳು. ಆ ಶನಿವಾರವೇ ಮೂವರೂ ಕೆರೆಗೆ ಹೋದೆವು. ಮಂಜುಗಡ್ಡೆಯಲ್ಲಿ ಕೊರೆದ ತೂತಿಗೆ ಗಾಳ ಬಿಟ್ಟು ಕೂತೆವು. ಹಸಿವೆಯಾಗಿ, ಭಾವನ ಪಕ್ಕದಲ್ಲಿದ್ದ ಅರ್ಧ ಪ್ಯಾಸ್ಟಿಗೆ ಕೈ ಹಾಕಿದೆ. ಮುಂದಿನ ತಟ್ಟೆ ಎತ್ತಿಕೊಂಡು ಹೋದರೂ ಬರೀ ತೊದಲುತ್ತಿದ್ದ ಮನುಷ್ಯ ಪಟ್ಟನೆ ನನ್ನ ಕೈಗೆ ಹೊಡೆದರು.

"ಹೆಸರು ಕಾಣಲ್ವೇನೇ? ನನ್ನ ಊಟ ಅದು!"

ಏಟು ಚುರುಕ್ಕೆಂದಿತು. ಅಕ್ಕ, ನಾನು ಮುಖ ಮುಖ ನೋಡಿಕೊಂಡು ಕಣ್ಣಲ್ಲಿ ನೀರು ಬರುವಷ್ಟು ನಕ್ಕೆವು.